ಕೌನ್ಸೆಲರ್ ಕಡ್ಡಾಯ ಎಂದಿತು ಸುಪ್ರೀಂ ಕೋರ್ಟ್; ಆದರೆ ಕೌನ್ಸೆಲರ್ ಎಂದರೆ ಯಾರು? ವಿಶಾಖಪಟ್ಟಣದ ಪ್ರಕರಣ ಎತ್ತಿದ ಪ್ರಶ್ನೆ

2023ರ ಜುಲೈ. ನೀಟ್ ತಯಾರಿಗೆಂದು ಪಶ್ಚಿಮ ಬಂಗಾಳದಿಂದ ವಿಶಾಖಪಟ್ಟಣಕ್ಕೆ ಬಂದಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು, ತಾನಿದ್ದ ಹಾಸ್ಟೆಲ್‌ನಲ್ಲಿ ನಡೆದ ಘಟನೆಯ ಬಳಿಕ ಆಸ್ಪತ್ರೆಯಲ್ಲಿ ಮೃತಪಟ್ಟಳು. ಪೊಲೀಸರು ಆತ್ಮಹತ್ಯೆ ಎಂದರು. ತಂದೆ ಅದನ್ನು ಒಪ್ಪಲಿಲ್ಲ. ಸಿಬಿಐ ತನಿಖೆ ಬೇಕೆಂಬ ಮನವಿಗೆ ಆಂಧ್ರ ಪ್ರದೇಶ ಹೈಕೋರ್ಟ್ ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಷ್ಟಕ್ಕೇ ನಿಲ್ಲದೆ, ದೇಶದ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ ಮತ್ತು ಹಾಸ್ಟೆಲ್‌ಗಳಿಗೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನೂ ಹೊರಡಿಸಿತು. ಸಂಸತ್ತು ಅಥವಾ ವಿಧಾನಸಭೆಗಳು ಸೂಕ್ತ ಕಾನೂನು ತರುವವರೆಗೆ ಇವೇ ಕಾನೂನು.

ಅವುಗಳಲ್ಲಿ ಒಂದು ಹೀಗಿದೆ: 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕು; ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ಅವರಿಗೆ ತರಬೇತಿ ಆಗಿರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು.

ಓದಲು ಸರಳವಾಗಿದೆ. ತೊಡಕು ಇರುವುದು 'ಅರ್ಹ' ಎಂಬ ಒಂದೇ ಪದದಲ್ಲಿ.

ಕೋರ್ಟ್ ಈ ಮಟ್ಟಕ್ಕೆ ಹೋಗಲು ಕಾರಣವಾದ ಅಂಕಿ-ಅಂಶಗಳನ್ನು ತೀರ್ಪಿನಲ್ಲೇ ಕಾಣಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 13,044 ಮಂದಿ, ಅಂದರೆ ಶೇ 7.6ರಷ್ಟು, ವಿದ್ಯಾರ್ಥಿಗಳು. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದೇ ಕಾರಣ ಎಂದು ದಾಖಲಾದ ಪ್ರಕರಣಗಳು 2,248.

ಎಂವಿಪಿ ಕಾಲೋನಿ: ಎಲ್ಲವೂ ಹತ್ತಿರದಲ್ಲೇ ಇದೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಪೂರ್ತಿ ಹೆಸರು ಮುವ್ವಲವಾನಿಪಾಲೆಂ ಕಾಲೋನಿ. ಸೆಕ್ಟರ್‌ಗಳಾಗಿ ಹಂಚಿದ, ಸಮುದ್ರಕ್ಕೆ ಹತ್ತಿರದ ದೊಡ್ಡ ಬಡಾವಣೆ. ರೈತು ಬಜಾರ್, ಬ್ಯಾಂಕು, ಕ್ಲಿನಿಕ್ಕುಗಳ ನಡುವೆ ಜೂನಿಯರ್ ಕಾಲೇಜು ಮತ್ತು ಹಾಸ್ಟೆಲ್‌ಗಳ ಬೋರ್ಡುಗಳು. ಬೆಂಗಳೂರಿನ ವಿಜಯನಗರವನ್ನೋ ಮಂಗಳೂರಿನ ಕೊಡಿಯಾಲ್‌ಬೈಲನ್ನೋ ಬಲ್ಲವರಿಗೆ ಈ ನೋಟ ಹೊಸದಲ್ಲ.

ವಿಶೇಷ ಇರುವುದು ಬೇರೆಡೆ. ಕಾಲೋನಿಯಿಂದ ಕೆಲವೇ ಕಿಲೋಮೀಟರ್ ದೂರದ ವಾಲ್ಟೇರ್ ಪ್ರದೇಶದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಯಿದೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ, 19ನೇ ಶತಮಾನದಲ್ಲೇ ಶುರುವಾದ ಆಸ್ಪತ್ರೆ ಅದು. ಅಲ್ಲೇ ಹತ್ತಿರದಲ್ಲಿ 1926ರಲ್ಲಿ ಸ್ಥಾಪನೆಯಾದ ಆಂಧ್ರ ವಿಶ್ವವಿದ್ಯಾಲಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ ಅವರ ಜೊತೆ ಕೆಲಸ ಮಾಡಿ ಬಂದ ಕೆ. ರಾಮಕೃಷ್ಣ ರಾವ್ 1967ರಲ್ಲಿ ಇಲ್ಲಿ ಮನಶ್ಶಾಸ್ತ್ರ ಮತ್ತು ಪರಾಮನಶ್ಶಾಸ್ತ್ರ ವಿಭಾಗ ಆರಂಭಿಸಿದ್ದರು. ಇನ್ನು ಕಾಲೋನಿಯೊಳಗೇ, ಉಷೋದಯ ಜಂಕ್ಷನ್ ಬಳಿ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಪ್ರಾದೇಶಿಕ ಕೇಂದ್ರ.

ಆಸ್ಪತ್ರೆ ಇದೆ, ವಿಶ್ವವಿದ್ಯಾಲಯ ಇದೆ, ದೂರಶಿಕ್ಷಣ ಕೇಂದ್ರ ಇದೆ, ಸಹಾಯ ಬೇಕಾದ ಮಕ್ಕಳೂ ಇದ್ದಾರೆ. ಹಾಸ್ಟೆಲ್ ಕೋಣೆಯಲ್ಲಿ ಕುಳಿತ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂರಬೇಕಾದ ವ್ಯಕ್ತಿಯನ್ನು ತಯಾರು ಮಾಡುವ ಜವಾಬ್ದಾರಿ ಮಾತ್ರ ಇವುಗಳಲ್ಲಿ ಯಾವುದಕ್ಕೂ ಸ್ಪಷ್ಟವಾಗಿ ಸೇರಿಲ್ಲ.

ಆಂಧ್ರಕ್ಕೆ ಈ ಸಮಸ್ಯೆ ಹೊಸದೂ ಅಲ್ಲ. ವಿಜಯವಾಡ, ವಿಶಾಖಪಟ್ಟಣ, ಹೈದರಾಬಾದ್‌ಗಳ ಕಾರ್ಪೊರೇಟ್ ಜೂನಿಯರ್ ಕಾಲೇಜುಗಳ ಬಗ್ಗೆ 2001ರಲ್ಲಿ ನೀರದಾ ರೆಡ್ಡಿ ಸಮಿತಿ, 2017ರಲ್ಲಿ ಚಕ್ರಪಾಣಿ ಸಮಿತಿ ವರದಿ ಕೊಟ್ಟಿದ್ದವು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ತಂದು, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಕೌನ್ಸೆಲಿಂಗ್ ವ್ಯವಸ್ಥೆ ಇರಬೇಕು ಎಂದಿತ್ತು. 'ಕೌನ್ಸೆಲಿಂಗ್ ಇರಬೇಕು' ಎಂಬ ಸಾಲು ಹಲವು ವರ್ಷಗಳಿಂದ ಕಡತದಿಂದ ಕಡತಕ್ಕೆ ಓಡಾಡುತ್ತಿದೆ. ಕೋರ್ಟ್ ಈಗ ಅದಕ್ಕೆ ಕಡ್ಡಾಯದ ಮುದ್ರೆ ಒತ್ತಿದೆ, ಅಷ್ಟೇ ವ್ಯತ್ಯಾಸ.

ಮೂರು ಕಾನೂನು, ಒಂದೂ ಪೂರ್ತಿ ಉತ್ತರವಲ್ಲ

ಭಾರತದಲ್ಲಿ 'ಡಾಕ್ಟರ್' ಎಂದು ಬೋರ್ಡು ಹಾಕಿಕೊಂಡು ಚಿಕಿತ್ಸೆ ಕೊಡಲು ನೋಂದಣಿ ಬೇಕು. ವಕೀಲರಿಗೂ ಬೇಕು. 'ಕೌನ್ಸೆಲರ್' ಎಂದು ಬರೆದುಕೊಳ್ಳಲು ಇಲ್ಲಿಯವರೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಎಂಜಿನಿಯರಿಂಗ್ ಸೀಟು ಆಯ್ಕೆ ಮಾಡಿಸುವವರೂ ಕೌನ್ಸೆಲರ್, ವಿದೇಶಿ ವೀಸಾ ಏಜೆಂಟರೂ ಕೌನ್ಸೆಲರ್. ಕಾಲೇಜಿನ ಅಡ್ಮಿಷನ್ ವಿಭಾಗದಲ್ಲಿ ಫೀಸಿನ ವಿವರ ಕೊಡುವವರ ಮೇಜಿನ ಮೇಲೂ ಅದೇ ನಾಮಫಲಕ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 'ಮಾನಸಿಕ ಆರೋಗ್ಯ ವೃತ್ತಿಪರರು' ಯಾರೆಂದು ಹೇಳುತ್ತದೆ. ಮನೋವೈದ್ಯರು, ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಇರುವ ಕೋರ್ಸ್ ಓದಿದ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮಾನಸಿಕ ಆರೋಗ್ಯ ದಾದಿಯರು ಆ ಪಟ್ಟಿಯಲ್ಲಿದ್ದಾರೆ. ಕೌನ್ಸೆಲರ್ ಅದರಲ್ಲಿ ಇಲ್ಲ.

ಪುನರ್ವಸತಿ ಮಂಡಳಿಯ ದಾರಿ ಕಿರಿದು. ಕ್ಲಿನಿಕಲ್ ಸೈಕಾಲಜಿಯ ಎಂಫಿಲ್‌ಗೆ ಸೀಟುಗಳು ಬಹಳ ಕಡಿಮೆ. ರಾಷ್ಟ್ರೀಯ ಶಿಕ್ಷಣ ನೀತಿ ಎಂಫಿಲ್ ಪದವಿಯನ್ನೇ ಕೈಬಿಟ್ಟಿದ್ದರಿಂದ, ಯುಜಿಸಿ ಈ ಕೋರ್ಸಿಗೆ 2025-26ರವರೆಗೆ ಮಾತ್ರ ವಿನಾಯಿತಿ ಕೊಟ್ಟು ಮುಂದುವರಿಸಬೇಕಾಯಿತು.

ಮೂರನೆಯದು 2021ರ ರಾಷ್ಟ್ರೀಯ ಸಂಬಂಧಿತ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ. ಇದರ ಅನುಸೂಚಿಯಲ್ಲಿ ಮೊದಲ ಬಾರಿಗೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರ ಜೊತೆ 'ಸಮಗ್ರ ವರ್ತನಾ ಆರೋಗ್ಯ ಕೌನ್ಸೆಲರ್' ಎಂಬ ಹೆಸರು ಕಾಣಿಸಿಕೊಂಡಿತು. ಕಾಯ್ದೆಯ ಪ್ರಕಾರ 'ಆರೋಗ್ಯ ವೃತ್ತಿಪರ' ಎನಿಸಿಕೊಳ್ಳಲು 3ರಿಂದ 6 ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಕಲಿಕೆ ಬೇಕು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ರಾಜ್ಯ ಮಂಡಳಿಗಳು ರಚನೆಯಾಗದೆ ಕಾಯ್ದೆ ವರ್ಷಗಟ್ಟಲೆ ನಿಂತಲ್ಲೇ ನಿಂತಿತು. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಮಧ್ಯಪ್ರವೇಶಿಸಿ, ಎರಡು ತಿಂಗಳಲ್ಲಿ ಜಾರಿ ಮಾಡಿ ಎಂದು ಕೇಂದ್ರ ಮತ್ತು ರಾಜ್ಯಗಳಿಗೆ ಹೇಳಬೇಕಾಯಿತು.

ಹೀಗಾಗಿ ಕಾಲೇಜಿನ ಆಡಳಿತ ಮಂಡಳಿಯೊಂದು ಪ್ರಾಮಾಣಿಕವಾಗಿಯೇ 'ಅರ್ಹ ಕೌನ್ಸೆಲರ್' ಹುಡುಕಲು ಹೊರಟರೂ ಅಳತೆಗೋಲು ಸಿಗುವುದಿಲ್ಲ. ಪ್ರಾಮಾಣಿಕವಲ್ಲದಿದ್ದರೆ ಕೆಲಸ ಇನ್ನೂ ಸುಲಭ: ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಇರುವ ಒಬ್ಬ ಉಪನ್ಯಾಸಕರ ಹೆಸರನ್ನು ಬೋರ್ಡಿಗೆ ಏರಿಸಿದರೆ ಮುಗಿಯಿತು.

ಕೇಳಿಸಿಕೊಳ್ಳುವುದನ್ನು ಕಲಿಯಲು ವರ್ಷಗಳೇಕೆ?

'ಮಾತಾಡಿ ಸಮಾಧಾನ ಮಾಡಲು ಅಷ್ಟೊಂದು ತರಬೇತಿ ಯಾಕೆ? ನಮ್ಮ ಅಜ್ಜಿಯಂದಿರು ಮಾಡುತ್ತಿರಲಿಲ್ಲವೇ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಸಿಗಬೇಕಾದರೆ ತರಬೇತಿಯ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಜಗತ್ತಿನ ಬಹುಪಾಲು ಕೌನ್ಸೆಲಿಂಗ್ ತರಬೇತಿಯ ಬೇರು ಇರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902-1987) ಅವರ ಕೆಲಸದಲ್ಲಿ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಹನ್ನೆರಡು ವರ್ಷ ಮಕ್ಕಳ ಜೊತೆ ಕೆಲಸ ಮಾಡಿದ ಅವರು, ತಜ್ಞ ಹೇಳಬೇಕು, ರೋಗಿ ಕೇಳಬೇಕು ಎಂಬ ರೂಢಿಯನ್ನು ತಲೆಕೆಳಗು ಮಾಡಿದರು. 1957ರ ಪ್ರಸಿದ್ಧ ಪ್ರಬಂಧದಲ್ಲಿ ಅವರು ಪಟ್ಟಿ ಮಾಡಿದ ಷರತ್ತುಗಳಲ್ಲಿ ಮೂರು ಇಂದಿಗೂ ಪಠ್ಯದ ಮೊದಲ ಪುಟದಲ್ಲಿವೆ. ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡುವುದು, ಷರತ್ತಿಲ್ಲದೆ ಅವರನ್ನು ಆದರಿಸುವುದು, ಕೌನ್ಸೆಲರ್ ತನ್ನೊಳಗಿನ ಭಾವನೆಗೆ ಸುಳ್ಳಾಗದಿರುವುದು. ಮಾನವತಾವಾದಿ ಪಂಥ ಎಂದು ಕರೆಯುವುದು ಇದನ್ನೇ.

'ಸಮನ್ವಯ' ಅಥವಾ ಇಂಟಿಗ್ರೇಟಿವ್ ಎಂಬುದು ಇದರ ಮುಂದಿನ ಹಂತ. ರೋಜರ್ಸ್ ತಳಹದಿಯ ಮೇಲೆ ಫ್ರಿಟ್ಜ್ ಪರ್ಲ್ಸ್‌ ಅವರ ಗೆಸ್ಟಾಲ್ಟ್, ಎರಿಕ್ ಬರ್ನ್ ಅವರ ಟ್ರಾನ್ಸಾಕ್ಷನಲ್ ಅನಾಲಿಸಿಸ್, ಬೇಕಾದಾಗ ಯೋಚನೆಯ ಧಾಟಿಯನ್ನು ತಿದ್ದುವ ಸಿಬಿಟಿ, ಹೀಗೆ ಹಲವು ಪಂಥಗಳ ಉಪಕರಣಗಳನ್ನು ಎದುರಿನ ವ್ಯಕ್ತಿಗೆ ತಕ್ಕಂತೆ ಬಳಸುವುದು. ಇವುಗಳಲ್ಲಿ ಬರ್ನ್ ಅವರ ಪಂಥ ದಕ್ಷಿಣ ಭಾರತದಲ್ಲಿ ಬೇಗ ಬೇರೂರಿತು. 1970ರ ದಶಕದಲ್ಲೇ ಕೇರಳದ ಚಂಗನಾಶ್ಶೇರಿಯಲ್ಲಿ ಫಾದರ್ ಜಾರ್ಜ್ ಕಂದತ್ತಿಲ್ ಅದರ ತರಬೇತಿ ಶುರು ಮಾಡಿದ್ದರು.

ಇದೆಲ್ಲ ಸಿದ್ಧಾಂತದ ಮಾತು. ಓದಿ ಪರೀಕ್ಷೆ ಬರೆಯಬಹುದು. ಕಷ್ಟ ಇರುವುದು ಪರೀಕ್ಷೆ ಬರೆಯಲಾಗದ ಭಾಗದಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸ್ಟೆಲ್ ಹುಡುಗನೊಬ್ಬ ಬಂದು 'ಮೇಡಂ, ಓದಕ್ಕೆ ಆಗ್ತಿಲ್ಲ' ಎನ್ನುತ್ತಾನೆ. ತರಬೇತಿ ಇಲ್ಲದ ಒಳ್ಳೆಯ ಮನಸ್ಸಿನ ಉಪನ್ಯಾಸಕಿ ಏನು ಹೇಳಬಹುದು? 'ಎಲ್ಲರಿಗೂ ಹೀಗೇ ಆಗುತ್ತಪ್ಪ, ಟೈಮ್‌ಟೇಬಲ್ ಹಾಕ್ಕೊ, ಅಪ್ಪ-ಅಮ್ಮ ಎಷ್ಟು ಕಷ್ಟಪಡ್ತಿದ್ದಾರೆ ನೆನಪಿಸ್ಕೊ.' ಉದ್ದೇಶ ಒಳ್ಳೆಯದೇ. ಆದರೆ ಅಪ್ಪ ಜಮೀನಿನ ಮೇಲೆ ಸಾಲ ಮಾಡಿ ಫೀಸು ಕಟ್ಟಿರುವುದೇ ಹುಡುಗನ ಎದೆಯ ಮೇಲಿನ ಕಲ್ಲಾಗಿದ್ದರೆ, ಆ ಕೊನೆಯ ಮಾತು ಕಲ್ಲಿನ ಮೇಲೆ ಇನ್ನೊಂದು ಕಲ್ಲು. ಅವನು ತಲೆಯಾಡಿಸಿ ಹೊರಟುಹೋಗುತ್ತಾನೆ. ಮತ್ತೆ ಬರುವುದಿಲ್ಲ. ಉಪನ್ಯಾಸಕಿಗೆ ಮಾತ್ರ ಒಬ್ಬ ವಿದ್ಯಾರ್ಥಿಗೆ ಧೈರ್ಯ ಹೇಳಿದ ಸಮಾಧಾನ.

ತರಬೇತಿ ಪಡೆದವರು 'ಪುಸ್ತಕ ತೆಗೆದಾಗ ಏನಾಗುತ್ತೆ?' ಎಂದು ಕೇಳಿ ಸುಮ್ಮನಿರುತ್ತಾರೆ. ಹಾಗೆ ಸುಮ್ಮನಿರುವುದೇ ಕಲಿಯಲು ಅತಿ ಕಷ್ಟವಾದದ್ದು. ಎದುರಿಗೆ ಹದಿನೇಳರ ಹುಡುಗ ಅಳುತ್ತಿರುವಾಗ ಸಲಹೆ ಕೊಟ್ಟುಬಿಡಬೇಕು ಎಂಬ ಒತ್ತಡ ಹುಟ್ಟುವುದು ಕೌನ್ಸೆಲರ್‌ನ ಸ್ವಂತ ತಳಮಳದಿಂದ. ಆ ತಳಮಳ ತನ್ನದು, ಹುಡುಗನದ್ದಲ್ಲ ಎಂದು ಗುರುತಿಸಲು ಬರಬೇಕು.

ಹಾಗಾಗಿಯೇ ಗಂಭೀರ ಕೋರ್ಸುಗಳಲ್ಲಿ ಮೂರು ಸಂಗತಿಗಳಿರುತ್ತವೆ. ಮೂವರು ಸೇರಿ ಮಾಡುವ ಅಭ್ಯಾಸ: ಒಬ್ಬರು ಹೇಳುತ್ತಾರೆ, ಒಬ್ಬರು ಕೇಳುತ್ತಾರೆ, ಮೂರನೆಯವರು ಗಮನಿಸಿ ಎಲ್ಲಿ ತಪ್ಪಿತೆಂದು ಹೇಳುತ್ತಾರೆ. ಕಲಿಯುವವರು ತಾವೇ ಇನ್ನೊಬ್ಬ ಕೌನ್ಸೆಲರ್ ಎದುರು ತಿಂಗಳುಗಟ್ಟಲೆ ಕುಳಿತು ತಮ್ಮ ಗಾಯಗಳನ್ನು ನೋಡಿಕೊಳ್ಳುವುದು ಎರಡನೆಯದು. ಮೂರನೆಯದು ಮೇಲ್ವಿಚಾರಣೆ. ಕೌನ್ಸೆಲಿಂಗ್‌ಗೆ ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸಿ, ಅನುಭವಿಗಳ ಎದುರು ಕೂತು ಸಾಲುಸಾಲಾಗಿ ಪರಿಶೀಲಿಸುವ ಕ್ರಮ. ಇದಕ್ಕೆ ದಾರಿ ಹಾಕಿದವರೂ ರೋಜರ್ಸ್ ಅವರೇ. 1942ರ ತಮ್ಮ ಪುಸ್ತಕದಲ್ಲಿ ಅವರು ಒಂದು ಇಡೀ ಪ್ರಕರಣದ ಧ್ವನಿಮುದ್ರಿತ ಮಾತುಕತೆಯನ್ನು ಅಕ್ಷರಕ್ಕಿಳಿಸಿ ಪ್ರಕಟಿಸಿದ್ದರು.

ಗಂಟೆಗಳ ಲೆಕ್ಕವೂ ಇದೆ. ಅಮೆರಿಕದ ಮಾನ್ಯತಾ ಮಂಡಳಿ ಸ್ನಾತಕೋತ್ತರ ಕೌನ್ಸೆಲಿಂಗ್ ಕೋರ್ಸಿಗೆ 100 ಗಂಟೆ ಪ್ರಾಯೋಗಿಕ ತರಬೇತಿ ಮತ್ತು 600 ಗಂಟೆ ಇಂಟರ್ನ್‌ಶಿಪ್ ಕೇಳುತ್ತದೆ. ಬ್ರಿಟನ್‌ನ ಕೌನ್ಸೆಲರ್‌ಗಳ ಪ್ರಮುಖ ಸಂಘ ಮಾನ್ಯ ಮಾಡುವ ಕೋರ್ಸಿನಲ್ಲಿ ಕನಿಷ್ಠ 100 ಗಂಟೆ ಮೇಲ್ವಿಚಾರಣೆಯಲ್ಲಿ ನಿಜವಾದ ಜನರ ಜೊತೆ ಕೆಲಸ ಮಾಡಿರಬೇಕು. ಬ್ರಿಟನ್ನಿನಲ್ಲೂ 'ಕೌನ್ಸೆಲರ್' ಪದಕ್ಕೆ ಕಾನೂನಿನ ಕಾವಲಿಲ್ಲ ಎಂಬುದು ಬೇರೆ ಮಾತು. ಅಲ್ಲಿ ವೃತ್ತಿಸಂಘಗಳ ನೋಂದಣಿ ಆ ಜಾಗ ತುಂಬಿದೆ. ಕೆಲಸ ಕೊಡುವವರು ಆ ನೋಂದಣಿಯನ್ನು ಕೇಳುತ್ತಾರೆ.

ಕರ್ನಾಟಕದಲ್ಲಿ ಎರಡು ದಾರಿ

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಚರಿತ್ರೆಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಕನ್ನಡಿಗರಿಗೆ ಹೆಚ್ಚು ಪರಿಚಿತರಾಗಿರುವುದು ಮೈಸೂರಿನ 'ಆಕಾಶವಾಣಿ' ಶುರು ಮಾಡಿದವರಾಗಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷವೇ ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ತರಬೇತಿ ಶುರುವಾಯಿತು. ಅದೇ ಮುಂದೆ ನಿಮ್ಹಾನ್ಸ್ ಆಯಿತು.

ಆಸ್ಪತ್ರೆಯ ಹೊರಗೆ, ಕಾಯಿಲೆ ಇಲ್ಲದ ಆದರೆ ಕಷ್ಟದಲ್ಲಿರುವ ಜನರಿಗಾಗಿ ಬೆಂಗಳೂರಿನಲ್ಲಿ ಎರಡು ಬಗೆಯ ದಾರಿ ಬೆಳೆದವು. ಪರಿವರ್ತನ್‌ನಂತಹ ಸಂಸ್ಥೆಗಳು 1990ರ ದಶಕದಿಂದ ದೀರ್ಘ ಅವಧಿಯ ಕೌನ್ಸೆಲಿಂಗ್ ತರಬೇತಿ ಕಟ್ಟಿದವು. ಇನ್ನೊಂದು ಸ್ವಯಂಸೇವಕರ ದಾರಿ. ನಿಮ್ಹಾನ್ಸ್‌ನ ನಿವೃತ್ತ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್, 2024ರಲ್ಲಿ ಪದ್ಮಶ್ರೀ ಪಡೆದವರು, ನೂರಾರು ಕನ್ನಡ ಪುಸ್ತಕಗಳ ಮೂಲಕ ಮತ್ತು 'ಸಮಾಧಾನ' ಆಪ್ತಸಲಹಾ ಕೇಂದ್ರದ ಮೂಲಕ ಸಾಮಾನ್ಯ ಜನರನ್ನೂ ಈ ಕೆಲಸಕ್ಕೆ ಎಳೆದುತಂದರು. ರಾಜ್ಯ ಸರ್ಕಾರದ ಯುವಜನ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ 'ಯುವ ಸ್ಪಂದನ' ಕಾರ್ಯಕ್ರಮ ಜಿಲ್ಲೆಗಳಲ್ಲಿ ಯುವ ಪರಿವರ್ತಕರನ್ನು ತಯಾರು ಮಾಡಿದ್ದು ಇದೇ ಬಗೆಯ ಕೆಲಸ.

ಎರಡೂ ಬೇಕು. ಆದರೆ ಎರಡೂ ಒಂದೇ ಅಲ್ಲ. ಸ್ವಯಂಸೇವಕರು ಗುರುತಿಸುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಮುಂದಿನ ಬಾಗಿಲಿಗೆ ತಲುಪಿಸುತ್ತಾರೆ. ಆ ಮುಂದಿನ ಬಾಗಿಲಲ್ಲಿ ಕೂರಬೇಕಾದವರ ತರಬೇತಿ ಬೇರೆ. ಸುಪ್ರೀಂ ಕೋರ್ಟ್ ಕೇಳಿರುವುದು ಎರಡನೆಯವರನ್ನು. ಕಾಲೇಜುಗಳು ಕೊಡಲು ಹೊರಟಿರುವುದು ಬಹುತೇಕ ಮೊದಲನೆಯವರನ್ನೋ ಅಥವಾ ಅದೂ ಅಲ್ಲದವರನ್ನೋ ಎಂಬ ಅನುಮಾನಕ್ಕೆ ಕಾರಣಗಳಿವೆ.

ಕಾರಣ ಸಂಖ್ಯೆಯಲ್ಲೇ ಇದೆ. ದೇಶದಲ್ಲಿ ಲಕ್ಷ ಜನರಿಗೆ ಇರುವ ಮನೋವೈದ್ಯರು ಸುಮಾರು 0.75. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಮಾನಸಿಕ ಸಮಸ್ಯೆಯಿದೆ. ಸಮಸ್ಯೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ತಲುಪುತ್ತಿಲ್ಲ. ಇಂಥ ದೇಶದಲ್ಲಿ 100 ಮಕ್ಕಳಿರುವ ಪ್ರತಿ ಸಂಸ್ಥೆಗೂ ಒಬ್ಬ ಅರ್ಹ ವ್ಯಕ್ತಿ ಎಂದರೆ ಎಷ್ಟು ಜನ ಬೇಕಾಗಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು

ಇಲ್ಲಿಗೆ ಎಂವಿಪಿ ಕಾಲೋನಿಯ ಆ ಇಗ್ನೋ ಕೇಂದ್ರದ ಮಾತು ಮತ್ತೆ ಬರುತ್ತದೆ.

ತೀರ್ಪು ಬಂದ ಮರುತಿಂಗಳೇ, 2025ರ ಆಗಸ್ಟ್‌ನಲ್ಲಿ, ಯುಜಿಸಿಯ ನಿರ್ಧಾರವೊಂದು ಹೊರಬಿತ್ತು. ಆರೋಗ್ಯ ವೃತ್ತಿಗಳ ಆಯೋಗದ ವ್ಯಾಪ್ತಿಗೆ ಬರುವ ವಿಷಯಗಳನ್ನು ಜುಲೈ-ಆಗಸ್ಟ್ 2025ರ ಪ್ರವೇಶದಿಂದಲೇ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವಂತಿಲ್ಲ ಎಂಬುದು ಅದರ ಸಾರ. ಮೈಕ್ರೋಬಯಾಲಜಿ, ಪೌಷ್ಟಿಕತೆ, ಬಯೋಟೆಕ್ನಾಲಜಿ ಜೊತೆಗೆ ಮನಶ್ಶಾಸ್ತ್ರವೂ ಆ ಪಟ್ಟಿಯಲ್ಲಿತ್ತು.

ಈ ಪಟ್ಟಿಯಿಂದ ಯಾರಿಗೆ ಪೆಟ್ಟು ಬಿತ್ತು? ಇಗ್ನೋದಂತಹ ಮುಕ್ತ ವಿಶ್ವವಿದ್ಯಾಲಯಗಳ ಮನಶ್ಶಾಸ್ತ್ರ ಎಂಎ ಹಲವು ವರ್ಷಗಳಿಂದ ಕೌನ್ಸೆಲಿಂಗ್ ಕ್ಷೇತ್ರದ ಹಿಂಬಾಗಿಲಾಗಿತ್ತು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಓದಬೇಕೆಂದುಕೊಂಡ ಗೃಹಿಣಿಯರು, ಶಾಲಾ ಶಿಕ್ಷಕರು, ದಾದಿಯರು, ಬ್ಯಾಂಕ್ ಕೆಲಸ ಸಾಕಾಗಿ ಬೇರೆ ದಾರಿ ಹುಡುಕುತ್ತಿದ್ದ ನಲವತ್ತರ ಮೇಲಿನವರು ಬರುತ್ತಿದ್ದುದು ಅದರ ಮೂಲಕ. ಕೌನ್ಸೆಲಿಂಗ್‌ನಲ್ಲಿ ವಯಸ್ಸು ಮತ್ತು ಬದುಕಿನ ಅನುಭವ ಅಡ್ಡಿಯಲ್ಲ, ಬಂಡವಾಳ. 22ರ ಪದವೀಧರರಿಗಿಂತ 42ರ ತಾಯಿ ಈ ಕುರ್ಚಿಗೆ ಎಷ್ಟೋ ಸಲ ಹೆಚ್ಚು ಹೊಂದುತ್ತಾರೆ. ಆದರೆ ಅವರು ಕೆಲಸ ಬಿಟ್ಟು, ಊರು ಬಿಟ್ಟು ಎರಡು ವರ್ಷ ಕ್ಯಾಂಪಸ್‌ನಲ್ಲಿ ಕೂರಲಾರರು. ಕಲಬುರಗಿ, ರಾಯಚೂರು, ಶ್ರೀಕಾಕುಳಂನಂತಹ ಊರುಗಳಲ್ಲಿರುವವರಿಗಂತೂ ಹಿಂಬಾಗಿಲೊಂದೇ ಬಾಗಿಲಾಗಿತ್ತು.

ಹಾಗೆಂದು ಯುಜಿಸಿ ಮಾಡಿದ್ದು ತಪ್ಪೆಂದು ಸಲೀಸಾಗಿ ಹೇಳಲಾಗದು. ಅಂಚೆಯಲ್ಲಿ ಬಂದ ಪುಸ್ತಕ ಓದಿ, ಅಸೈನ್‌ಮೆಂಟ್ ಬರೆದು, ಒಬ್ಬರ ಎದುರೂ ಮೇಲ್ವಿಚಾರಣೆಯಲ್ಲಿ ಕೂರದೆ ಎಂಎ ಮುಗಿಸಿದವರು ಮರುದಿನವೇ ಕ್ಲಿನಿಕ್ ತೆರೆದ ಉದಾಹರಣೆಗಳ ಬಗ್ಗೆ ವೃತ್ತಿಯೊಳಗಿನವರೇ ದೂರುತ್ತ ಬಂದಿದ್ದಾರೆ. ಕೇಳಿಸಿಕೊಳ್ಳುವ ಕಸುಬನ್ನು ಅಂಚೆಯಲ್ಲಿ ಕಲಿಸಲಾಗದು ಎಂಬುದು ನಿಜ.

ಆದರೆ ತೊಂದರೆ ಇದ್ದದ್ದು ಸಿದ್ಧಾಂತವನ್ನು ದೂರದಿಂದ ಕಲಿಸಿದ್ದರಲ್ಲಿ ಅಲ್ಲ, ಅಭ್ಯಾಸವನ್ನು ಎಲ್ಲಿಯೂ ಕಲಿಸದೆ ಬಿಟ್ಟದ್ದರಲ್ಲಿ. ಎಷ್ಟೋ ರೆಗ್ಯುಲರ್ ಎಂಎ ತರಗತಿಗಳಲ್ಲೂ ಪರಿಸ್ಥಿತಿ ಭಿನ್ನವಲ್ಲ. ಅಲ್ಲಿಯೂ ಎರಡು ವರ್ಷದ ಕೊನೆಗೆ ಅಂಕಪಟ್ಟಿ ಸಿಗುತ್ತದೆ, ಮೇಲ್ವಿಚಾರಣೆಯ ಗಂಟೆಗಳ ಲೆಕ್ಕ ಸಿಗುವುದಿಲ್ಲ. ಪುಸ್ತಕವನ್ನು ಮನೆಯಲ್ಲಿ ಓದಿ, ವಾರಾಂತ್ಯದಲ್ಲಿ ಜಿಲ್ಲಾಸ್ಪತ್ರೆಯಲ್ಲೋ ವಾಲ್ಟೇರ್‌ನ ಆ ಹಳೆಯ ಆಸ್ಪತ್ರೆಯಂಥ ಕಡೆಯಲ್ಲೋ ಅನುಭವಿಗಳ ಕೈಕೆಳಗೆ 100 ಗಂಟೆ ಕೂರುವಂತೆ ಮಾಡುವ ಮಧ್ಯದ ದಾರಿಯೊಂದು ಸಾಧ್ಯವಿತ್ತು. ಬಾಗಿಲು ಮುಚ್ಚುವಾಗ ಅದರ ಚರ್ಚೆಯೂ ಆಗಲಿಲ್ಲ. ಬೇಡಿಕೆಯನ್ನು ಒಂದು ಸಂಸ್ಥೆ ಹೆಚ್ಚಿಸಿತು, ಪೂರೈಕೆಯನ್ನು ಇನ್ನೊಂದು ಸಂಸ್ಥೆ ಕಡಿತಗೊಳಿಸಿತು. ಎರಡೂ ನಡೆದದ್ದು ಒಂದು ತಿಂಗಳ ಅಂತರದಲ್ಲಿ.

ಸಂಬಳ ಕಾಲೇಜಿನದ್ದು, ಗುಟ್ಟು ಯಾರದ್ದು?

ಅರ್ಹರು ಸಿಕ್ಕರು ಎಂದೇ ಇಟ್ಟುಕೊಳ್ಳೋಣ. ಇನ್ನೊಂದು ತೊಡಕು ಅಲ್ಲಿಂದ ಶುರು.

ಖಾಸಗಿ ಕಾಲೇಜಿನ ಕೌನ್ಸೆಲರ್‌ಗೆ ಸಂಬಳ ಕೊಡುವುದು ಆಡಳಿತ ಮಂಡಳಿ. ಹುಡುಗಿಯೊಬ್ಬಳು ಬಂದು 'ಈ ಬ್ಯಾಚ್ ವ್ಯವಸ್ಥೆಯೇ ನನ್ನನ್ನು ತಿನ್ನುತ್ತಿದೆ, ವಾರ್ಡನ್ ಎಲ್ಲರೆದುರು ಅಂಕ ಓದುತ್ತಾರೆ' ಎಂದರೆ ಕೌನ್ಸೆಲರ್ ಆ ಮಾತನ್ನು ಎಲ್ಲಿಗೆ ಒಯ್ಯಬೇಕು? ಅಂಕಗಳ ಆಧಾರದ ಮೇಲೆ ಬ್ಯಾಚ್ ಮಾಡುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಬಿಡಬೇಕೆಂದು ಅದೇ ತೀರ್ಪು ಹೇಳಿದೆ. ಅಂದರೆ ಕೌನ್ಸೆಲರ್ ಕೇಳುವ ದೂರಿನಲ್ಲಿ ಅವರಿಗೆ ಸಂಬಳ ಕೊಡುವವರೇ ಆರೋಪಿ ಸ್ಥಾನದಲ್ಲಿ ಇರಬಹುದು.

ಗುಟ್ಟು ಕಾಯುವ ಪ್ರಶ್ನೆ ಇನ್ನೂ ಸೂಕ್ಷ್ಮ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯ ಹಕ್ಕು ಕೊಡುವುದು ಮಾನಸಿಕ ಕಾಯಿಲೆ ಇರುವವರಿಗೆ; ಕರ್ತವ್ಯ ಹೊರಿಸುವುದು ಅವರಿಗೆ ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಪರರ ಮೇಲೆ. ಪರೀಕ್ಷೆಯ ಭಯದಲ್ಲಿರುವ ಹುಡುಗನಿಗೆ ಕಾಯಿಲೆ ಇಲ್ಲ, ಎದುರಿಗಿರುವ ಕೌನ್ಸೆಲರ್ ಆ ಕಾಯ್ದೆಯ ವೃತ್ತಿಪರರ ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಪ್ರಿನ್ಸಿಪಾಲ್ ಬಂದು 'ಅವನೇನು ಹೇಳಿದ?' ಎಂದು ಕೇಳಿದರೆ ಇಲ್ಲ ಎನ್ನಲು ಕೌನ್ಸೆಲರ್ ಬೆನ್ನಿಗೆ ಯಾವ ಕಾನೂನಿದೆ? ಲೈಂಗಿಕ ದೌರ್ಜನ್ಯದ ವಿಷಯವಾದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಸ್ಪಷ್ಟ: ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೆ ಹೇಳಬೇಕು ಎಂಬುದು ವೃತ್ತಿಯ ರೂಢಿ. ಇವೆರಡರ ನಡುವಿನ ದೊಡ್ಡ ಬಯಲಿನಲ್ಲಿ ಕೌನ್ಸೆಲರ್ ಒಂಟಿ.

ತರಬೇತಿಯ ಅಗತ್ಯ ಎದ್ದು ಕಾಣುವುದೂ ಇಲ್ಲಿಯೇ. ಮೊದಲ ಭೇಟಿಯಲ್ಲೇ 'ಇಂತಿಂಥ ಸಂಗತಿ ಬಿಟ್ಟು ಬೇರೇನೂ ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ' ಎಂದು ಹೇಳಲು ಕಲಿತವರಿಗೆ ಗೊತ್ತು. ಮೇಲ್ವಿಚಾರಕರಿದ್ದರೆ ಯಾವುದನ್ನು ಯಾರಿಗೆ ಹೇಳಬೇಕು ಎಂದು ಕೇಳಲು ಒಂದು ಜಾಗವಿರುತ್ತದೆ. ಇಲ್ಲದಿದ್ದರೆ ಮಕ್ಕಳು ಒಂದೇ ವಾರದಲ್ಲಿ ಪತ್ತೆ ಹಚ್ಚುತ್ತಾರೆ. ಸ್ಟಾಫ್‌ರೂಮಿಗೆ ಮಾತು ಸೋರುತ್ತದೆ ಎಂದು ಒಮ್ಮೆ ಗೊತ್ತಾದರೆ ಆ ಕೋಣೆಯ ಬಾಗಿಲು ತಟ್ಟುವವರು ಇರುವುದಿಲ್ಲ.

ಯಾವ ಭಾಷೆಯಲ್ಲಿ ಅಳುವುದು?

ತೀರ್ಪಿನ ಚರ್ಚೆಯಲ್ಲಿ ಹೆಚ್ಚು ಸದ್ದು ಮಾಡದ ಒಂದು ವಿಷಯವಿದೆ. ವಿಶಾಖಪಟ್ಟಣದಲ್ಲಿ ಮೃತಪಟ್ಟ ಹುಡುಗಿ ಬಂದದ್ದು ಬಂಗಾಳದಿಂದ. ಕೋಟಾ, ಹೈದರಾಬಾದ್, ವಿಜಯವಾಡದ ಹಾಸ್ಟೆಲ್‌ಗಳಲ್ಲಿ ಬೇರೆ ರಾಜ್ಯಗಳ ಮಕ್ಕಳಿದ್ದಾರೆ. ಮೂಡುಬಿದಿರೆ, ಮಂಗಳೂರಿನ ಪಿಯು ಹಾಸ್ಟೆಲ್‌ಗಳಲ್ಲಿ ಬೀದರ್, ಯಾದಗಿರಿಯ ಮಕ್ಕಳಿದ್ದಾರೆ. ಅವರದ್ದು ಕನ್ನಡವೇ ಆದರೂ ಅಲ್ಲಿನವರು ಆಡುವ ಕನ್ನಡವಲ್ಲ. ಮನಶ್ಶಾಸ್ತ್ರದ ಎಂಎ ಪಠ್ಯ ಬಹುಪಾಲು ಇಂಗ್ಲಿಷಿನಲ್ಲಿದೆ. 'ಆಂಕ್ಸೈಟಿ' ಎಂದು ಕಲಿತವರಿಗೆ 'ಎದಿ ಧಸಕ್ ಅಂತದ' ಎಂಬ ಮಾತು ತಲುಪಬೇಕು.

ಈ ನಿಟ್ಟಿನಲ್ಲಿ ಕನ್ನಡದ 'ಆಪ್ತಸಮಾಲೋಚನೆ' ಎಂಬ ಪದ ಇಂಗ್ಲಿಷಿನ ಮೂಲಪದಕ್ಕಿಂತ ಒಂದು ತೂಕ ಹೆಚ್ಚು. ಅದರಲ್ಲಿ 'ಆಪ್ತ' ಇದೆ. ಆದರೆ ಕನ್ನಡದಲ್ಲೋ ತೆಲುಗಿನಲ್ಲೋ ಅಭ್ಯಾಸ, ಮೇಲ್ವಿಚಾರಣೆ, ಧ್ವನಿಮುದ್ರಣದ ಪರಿಶೀಲನೆ ನಡೆಸುವ ದೀರ್ಘ ಕೋರ್ಸುಗಳು ಬೆರಳೆಣಿಕೆಯಷ್ಟು ಕೂಡ ಬೆಳೆದಿಲ್ಲ. ಕೇಂದ್ರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾದಾಗಿನಿಂದ ಕನ್ನಡ, ತೆಲುಗು, ಬಂಗಾಳಿ ಸೇರಿ 20 ಭಾಷೆಗಳಲ್ಲಿ ಸೇವೆ ಕೊಡುವ ವ್ಯವಸ್ಥೆ ಬೆಳೆಸಿಕೊಂಡಿದೆ. ಅದರ ರಾಷ್ಟ್ರೀಯ ಉನ್ನತ ಕೇಂದ್ರವೂ ನಿಮ್ಹಾನ್ಸ್. ಫೋನಿನಲ್ಲಿ ಸಾಧ್ಯವಾದ ಈ ಭಾಷೆಯ ಎಚ್ಚರ ಕಾಲೇಜಿನ ನೇಮಕಾತಿ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಪೋಷಕರು ಕೇಳಬಹುದಾದ ಪ್ರಶ್ನೆಗಳು

ಕೋರ್ಟ್ ರಾಜ್ಯಗಳಿಗೆ ಕೋಚಿಂಗ್ ಕೇಂದ್ರಗಳ ನಿಯಮ ರೂಪಿಸಲು ಎರಡು ತಿಂಗಳು, ಕೇಂದ್ರಕ್ಕೆ ಪಾಲನಾ ವರದಿ ಸಲ್ಲಿಸಲು 90 ದಿನ ಗಡುವು ಕೊಟ್ಟಿತ್ತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಉಸ್ತುವಾರಿ ಸಮಿತಿಗಳಾಗಬೇಕು ಎಂದಿತ್ತು. ಈ ಸಮಿತಿಗಳು ಕಾಲೇಜಿಗೆ ಬಂದಾಗ 'ಕೌನ್ಸೆಲರ್ ಇದ್ದಾರೆಯೇ?' ಎಂಬ ಕಾಲಂಗೆ ಟಿಕ್ ಹಾಕಿ ಹೋದರೆ ತೀರ್ಪು ಅಲ್ಲಿಗೆ ಮುಗಿಯುತ್ತದೆ. ಎಷ್ಟು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ್ದಾರೆ ಎಂಬ ಇನ್ನೊಂದು ಕಾಲಂ ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ಅಲ್ಲಿಯವರೆಗೆ ಈ ಕೆಲಸ ಪೋಷಕರದ್ದು. ಅಡ್ಮಿಷನ್ ಸಮಯದಲ್ಲಿ ರ‍್ಯಾಂಕುಗಳ ಫ್ಲೆಕ್ಸ್ ನೋಡಿ, ಫೀಸಿನ ಕಂತು ಕೇಳಿ, ಊಟ ಹೇಗೆ ಎಂದು ವಿಚಾರಿಸುವವರು ಇನ್ನೂ ಕೆಲವು ಪ್ರಶ್ನೆ ಕೇಳಬಹುದು. ನಿಮ್ಮ ಕೌನ್ಸೆಲರ್ ಯಾರು, ಏನು ಓದಿದ್ದಾರೆ? ಅವರು ಪಾಠವನ್ನೂ ಮಾಡುತ್ತಾರೆಯೇ, ವಾರ್ಡನ್ ಕೆಲಸವನ್ನೂ ನೋಡುತ್ತಾರೆಯೇ? ಅವರಿಗೆ ಮೇಲ್ವಿಚಾರಕರು ಇದ್ದಾರೆಯೇ? ನನ್ನ ಮಗಳು ಅವರನ್ನು ಕಾಣಬೇಕೆಂದರೆ ಕ್ಲಾಸ್ ಟೀಚರ್ ಅನುಮತಿ ಬೇಕೇ? ಆಕೆ ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ?

ಕೊನೆಯ ಎರಡು ಪ್ರಶ್ನೆಗಳಿಗೆ ಎದುರಿನವರು ಉತ್ತರಿಸಲು ತಡವರಿಸಿದರೆ, ಅದನ್ನೂ ಉತ್ತರವೆಂದೇ ಬರೆದುಕೊಳ್ಳಬಹುದು.

(ನೀವು ಅಥವಾ ನಿಮ್ಮ ಪರಿಚಿತರು ಮಾನಸಿಕ ಸಂಕಷ್ಟದಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು.)